ಕೊನೆಯ ಗಂಟು ನಾನು ಹಾಕಲ್ಲ

ಕಚ್... ಕಚ್... ಕಚ್...

ಕತ್ತರಿಯ ಸದ್ದು ಕಿವಿಗೆ ಬಿದ್ದಾಗ ಜಿನೆಟ್ ಚಹಾದ ಲೋಟ ಹಿಡಿದು ಕಾರ್ಖಾನೆಯ ಬಾಗಿಲಲ್ಲಿದ್ದಳು.

ಮೂರು ವಾರ ಬೆನ್ನು ಬಗ್ಗಿಸಿ, ಜೇನುಮೇಣ ಸವರಿದ ದಾರದಿಂದ ಅವಳು ಕಟ್ಟಿದ್ದ ಹಗ್ಗಗಳು ಮಾದರಿ ಹಡಗಿನ ಎಡಮಗ್ಗುಲಲ್ಲಿ ಜೋತುಬಿದ್ದಿದ್ದವು. ಅವುಗಳ ಮುಂದೆ ಯಾರೋ ಒಬ್ಬ ಗಂಡಸು ನಿಂತಿದ್ದ. ಅವನ ಕೈಯಲ್ಲಿದ್ದದ್ದು ಅವಳದೇ ಕತ್ತರಿ!

"ಏಯ್... ಯಾರು ನೀನು? ನನ್ನ ಕತ್ತರಿ ಮುಟ್ಟು ಅಂತ ಹೇಳಿದ್ಯಾರು?"

ಅವನು ತಿರುಗಿದ. ನಲವತ್ತರ ಆಸುಪಾಸು. ಉಗುರ ಸಂದಿಯಲ್ಲೆಲ್ಲ ಹಿತ್ತಾಳೆ ತಿಕ್ಕಿದ ಕಪ್ಪು. ಮುಖದಲ್ಲಿ ತಪ್ಪು ಮಾಡಿದವನ ಅಳುಕು ಒಂದಿಷ್ಟೂ ಇಲ್ಲ.

"ನಾನು ಸೂಬೆನ್. ಹಿತ್ತಾಳೆ ಕೆಲಸಕ್ಕೆ ಇವತ್ತೇ ಸೇರಿದೆ. ಈ ಹಗ್ಗ ನೋಡಿ, ತೋಪಿನ ಮೂರನೇ ಕಿಂಡಿಗೆ ಅಡ್ಡ ಬಂದಿತ್ತು. ಇಲ್ಲಿಂದ ತೋಪು ಹಾರಿಸಿದ್ರೆ ಮೊದಲು ಹರಿಯೋದು ನಮ್ಮದೇ ಹಗ್ಗ. ಕೂವೆಕಂಬ ನಮ್ಮ ತಲೆ ಮೇಲೇ ಬೀಳತ್ತೆ."

"ಕಟ್ಟಿದವಳನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ತಪ್ಪು ಕಣ್ಣಿಗೆ ಕಾಣ್ತಿರುವಾಗ ಕೇಳೋದೇನು?"

ಜಿನೆಟ್ ಚಹಾ ಕೆಳಗಿಟ್ಟಳು. ಅವನ ಬೆರಳುಗಳ ನಡುವಿನಿಂದ ಕತ್ತರಿ ಕಿತ್ತುಕೊಂಡಳು. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ಆದರೆ ಇಂಥ ಅಹಂಕಾರಿಗೆ ಹೇಳುವುದೇನು?

'ನಿನ್ನಂಥ ಎಷ್ಟು ಜನರನ್ನ ನೋಡಿಲ್ಲ ನಾನು...' ಎಂದು ಮನಸ್ಸಿನಲ್ಲೇ ಬೈದುಕೊಂಡು ಜೋತುಬಿದ್ದ ದಾರಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

ಆಗ ನಮ್ಮ ಕ್ಯೂರ್‌ಪಿಪ್ ಊರಿನಲ್ಲಿ ಓಣಿಗೊಂದು ಮಾದರಿ ಹಡಗಿನ ಕಾರ್ಖಾನೆ. ಮಾರಿಷಸ್ ದ್ವೀಪಕ್ಕೆ ಬಂದ ಬಿಳಿಯರೆಲ್ಲ ಕಬ್ಬಿನ ರಮ್ ಜೊತೆಗೆ ಒಂದು ಮರದ ಹಡಗನ್ನೂ ಕಂಕುಳಲ್ಲಿ ಹಿಡಿದೇ ವಿಮಾನ ಹತ್ತುತ್ತಿದ್ದರು. ಅಂಥವು ಚಿಕ್ಕವು. ಮಾಲೀಕ ಮೊಸ್ಯೆ ದೆಲೂರ್ ಅವರ ಕಾರ್ಖಾನೆಯ ನಡುವೆ ಈಗ ನಿಂತಿದ್ದದ್ದು ಬೇರೆಯೇ. ಎರಡೂವರೆ ಮೀಟರ್ ಉದ್ದದ ಯುದ್ಧನೌಕೆ, ಹೆಸರು 'ಲ ಕಾನ್‌ಸ್ತಾಂತ್'. ತೇಗದ ಮೈ, ಹಿತ್ತಾಳೆಯ ಎಪ್ಪತ್ನಾಲ್ಕು ತೋಪು, ಸಾವಿರಾರು ಗಂಟುಗಳ ಹಗ್ಗ. ಫ್ರಾನ್ಸಿನ ಬಂದರು ಪಟ್ಟಣವೊಂದರ ಸಂಗ್ರಹಾಲಯ ಅದನ್ನು ಹೇಳಿ ಮಾಡಿಸುತ್ತಿತ್ತು.

ಮರಗೆಲಸ ಗಂಡಸರದು. ಹಗ್ಗದ ಕೆಲಸ ಹನ್ನೊಂದು ಹೆಂಗಸರದು. ಅವರಲ್ಲಿ ಹಿರಿಯಳು ಜಿನೆಟ್ ಲಫ್ಲೇರ್. ವಯಸ್ಸು ಮೂವತ್ತೇಳು, ಕಟ್ಟಲು ಕೂತು ಹತ್ತೊಂಬತ್ತು ವರ್ಷ. ಅದಕ್ಕೂ ಮುಂಚೆ ಅದೇ ಸ್ಟೂಲಿನ ಮೇಲೆ ಅವಳ ತಾಯಿ ಅಮೆಲೀ ಕೂತಿದ್ದಳು.

ಅಮೆಲೀ ಕಟ್ಟಿದ ಹಡಗುಗಳು ಎಲ್ಲೆಲ್ಲಿಗೋ ಹೋದವು. ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿಸಿಕೊಂಡು ಕೂತವು. ಪೀಠದ ಹಿತ್ತಾಳೆ ಫಲಕದ ಮೇಲೆ ಮಾತ್ರ ಒಂದೇ ಹೆಸರು: ದೆಲೂರ್. ಒಂದು ಗಂಟು ಹಾಕಲು ಬಾರದ ದೆಲೂರ್.

"ನನ್ನ ಹಡಗುಗಳು ಸಮುದ್ರ ದಾಟಿದವು ಮಗಳೇ. ನನ್ನ ಹೆಸರು ಈ ಓಣಿ ಕೂಡ ದಾಟಲಿಲ್ಲ..." ಸಾಯುವ ಮುಂಚೆ ಅಮೆಲೀ ಹೇಳಿದ್ದ ಮಾತು ಅದು.

ಹೋದ ವರ್ಷ ವೈದ್ಯರು ಜಿನೆಟ್‌ಗೆ ಹೇಳಿದ್ದರು, ಈ ಸೂಕ್ಷ್ಮದ ಕೆಲಸ ಇನ್ನು ಒಂದು ವರ್ಷ, ಹೆಚ್ಚೆಂದರೆ. ಕಣ್ಣು ತಡೆಯುವುದಿಲ್ಲ. ಅವಳು ಕೆಲಸ ಬಿಟ್ಟು ಹೊಟೇಲೊಂದರ ಅಡಿಗೆಮನೆ ಸೇರಲು ಹೊರಟಾಗ ಮೊಸ್ಯೆ ದೆಲೂರ್ ಓಡಿ ಬಂದಿದ್ದರು.

"ಇದೊಂದು ಹಡಗು ಮುಗಿಸು ಜಿನೆಟ್. ಫಲಕದ ಮೇಲೆ ನಿನ್ನ ಹೆಸರು ಹಾಕಿಸ್ತೀನಿ. ಮಾತು ಕೊಟ್ಟೆ."

ಆ ಒಂದು ಮಾತಿಗಾಗಿ ಅವಳು ಉಳಿದಿದ್ದಳು. ಇದೇ ಅವಳ ಕೊನೆಯ ಹಡಗು. ಇದರ ಮೇಲೂ ಹೆಸರು ಬರದಿದ್ದರೆ ಇನ್ನು ಯಾವುದರ ಮೇಲೂ ಬರುವುದಿಲ್ಲ.

---

ನಾಲ್ಕನೇ ದಿನ ಸೂಬೆನ್ ಅವಳ ಮೇಜಿನ ಬಳಿ ಬಂದು ನಿಂತ. ಕೈಯಲ್ಲಿ ಹಡಗಿನ ನಕ್ಷೆಯ ಪ್ರತಿ ಇತ್ತು. ಮೂರನೇ ಕಿಂಡಿಯ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: 'ಇಲ್ಲಿ ತೋಪು, ಇಲ್ಲೇ ಹಗ್ಗ. ಪ್ರತಿ ತೆಗೆಯುವಾಗ ಹಾಳೆ ಜರುಗಿದೆ.' ಕೆಳಗೆ ಮೂರು ತಿಂಗಳ ಹಿಂದಿನ ತಾರೀಖು.

"ಇದು ನಿಮ್ಮ ಅಕ್ಷರ ತಾನೆ?"

"ಹೌದು."

"ನಿಮಗೆ ಮೊದಲೇ ಗೊತ್ತಿತ್ತು."

"ಮೊಸ್ಯೆಗೂ ಹೇಳಿದ್ದೆ. ನಕ್ಷೆ ಪ್ಯಾರಿಸ್ಸಿಂದ ಬಂದಿದ್ದು, ಅದರಲ್ಲಿ ತಪ್ಪಿರಲ್ಲ, ಇದ್ದಂಗೇ ಕಟ್ಟು ಅಂದ್ರು. ಕಟ್ಟಿದೆ."

"ಅವತ್ತು ನಂಗ್ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ?"

ಸೂಬೆನ್ ನಕ್ಷೆ ಮಡಚಿದ.

"ತಪ್ಪಾಯ್ತು. ಇನ್ಮೇಲೆ ಕೇಳದೆ ಏನನ್ನೂ ಕತ್ತರಿಸಲ್ಲ."

ಜಿನೆಟ್ ತಲೆ ಎತ್ತಲಿಲ್ಲ. ಆದರೆ ಹತ್ತೊಂಬತ್ತು ವರ್ಷಗಳಲ್ಲಿ ಆ ಕಾರ್ಖಾನೆಯ ಗಂಡಸೊಬ್ಬ ಅವಳ ಮುಂದೆ 'ತಪ್ಪಾಯ್ತು' ಅಂದದ್ದು ಅದೇ ಮೊದಲು.

ಅವನು ಅಷ್ಟಕ್ಕೇ ಬಿಡಲಿಲ್ಲ. ಕತ್ತರಿಸಿದ ಹಗ್ಗ ಮತ್ತೆ ಕಟ್ಟಲು ದಿನಾ ಊಟದ ಹೊತ್ತಿನಲ್ಲಿ ಬಂದು ಕೂತ. ಅವನ ಗಂಟುಗಳು ಒಂದೊಂದೂ ಬಟಾಣಿ ಗಾತ್ರ.

"ಇದೇನಪ್ಪಾ, ಹಡಗು ಕಟ್ತಿದೀಯೋ, ಹಸು ಕಟ್ತಿದೀಯೋ?" ಎಂದು ಪಕ್ಕದ ಸ್ಟೂಲಿನ ಲಿಲೆಟ್ ಅಣಕಿಸಿದಳು. ಬಾಯಿ ಜೋರಾದ ಈ ಲಿಲೆಟ್ ಜಿನೆಟ್‌ಗೆ ಬಾಲ್ಯದ ಗೆಳತಿ.

ಜಿನೆಟ್ ಅವನು ಹಾಕಿದ ಗಂಟುಗಳನ್ನು ಬಿಚ್ಚಿ ತಾನೇ ಹಾಕುತ್ತಿದ್ದಳು. ಅವನು ಬೇಸರಿಸದೆ ಮುಂದಿನದು ಹಾಕುತ್ತಿದ್ದ. ನಡುವೆ ಕಾಗದ ಬಿಚ್ಚಿ ದಾಲ್ ಪುರಿ ಮುಂದಿಡುತ್ತಿದ್ದ. ಖಾರ ಕಡಿಮೆ, ಅವಳಿಗೆ ಬೇಕಾದ ಹಾಗೆ. ಅದು ಅವನಿಗೆ ಹೇಗೆ ಗೊತ್ತಾಯಿತೋ!

ಇನ್ನೊಂದು ವಿಷಯವಿತ್ತು. ಅದನ್ನು ಅವಳು ಲಿಲೆಟ್‌ಗೂ ಹೇಳಿರಲಿಲ್ಲ.

ಬೆಳಗ್ಗೆ ಬಂದು ಕೂತಾಗ ಅವಳ ಮೇಜಿನ ಬೆಂಡಿನ ಬಿರಡೆಯ ಮೇಲೆ ಹತ್ತು ಸೂಜಿಗಳು ಸಾಲಾಗಿ ಚುಚ್ಚಿರುತ್ತಿದ್ದವು. ಹತ್ತಕ್ಕೂ ದಾರ ಪೋಣಿಸಿರುತ್ತಿತ್ತು. ಸೂಜಿಯ ಕಣ್ಣು ತನಗೆ ಕಾಣುತ್ತಿಲ್ಲ ಎಂಬುದನ್ನು ಅವಳು ಯಾರಿಗೂ ಗೊತ್ತಾಗದಂತೆ ಮುಚ್ಚಿಟ್ಟಿದ್ದಳು. ಅವನೊಬ್ಬ ಕಂಡುಹಿಡಿದಿದ್ದ. ಕಂಡೂ ಒಂದು ಮಾತು ಆಡಿರಲಿಲ್ಲ.

ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಆದರೆ ಬಸ್ಸಿನಲ್ಲಿ ಬರುವಾಗ ಅವಳ ಮನಸ್ಸು ಆ ಹತ್ತು ಸೂಜಿಗಳನ್ನು ನೆನೆದು ಬೆಚ್ಚಗಾಗುತ್ತಿತ್ತು. ಮೂವತ್ತೇಳನೇ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

"ಅವನಮ್ಮ ಗುಡಿಗೆ ಕಾವಡಿ ಹೊರೋರು, ನೀನು ಚರ್ಚಲ್ಲಿ ಹಾಡೋಳು. ಮದುವೆ ಊಟಕ್ಕೆ ಏನು ಮಾಡಿಸ್ತೀಯೇ?" ಎಂದಳು ಲಿಲೆಟ್ ಒಂದು ದಿನ.

"ನಿನ್ನ ನಾಲಿಗೇನೇ ಹುರಿಸ್ತೀನಿ."

ಲಿಲೆಟ್ ನಕ್ಕಳು. ಜಿನೆಟ್ ಕಿವಿ ಮಾತ್ರ ಕೆಂಪಗಾಗಿತ್ತು.

---

ಹಡಗು ಒಪ್ಪಿಸುವ ಹಿಂದಿನ ದಿನ ಮಧ್ಯಾಹ್ನ. ಮನೆಯಿಂದ ತಂದ ಮಾವಿನಕಾಯಿ ಉಪ್ಪಿನಕಾಯಿಯನ್ನು ಅವನ ಮೇಜಿನ ಮೇಲಿಡಲು ಜಿನೆಟ್ ಹೋದಳು. ಸೂಬೆನ್ ಕೈ ತೊಳೆಯಲು ಹೋಗಿದ್ದ. ಜಾಗ ಮಾಡಲು ಒಂದು ಬಟ್ಟೆ ಸರಿಸಿದಳು.

ಕೆಳಗೆ ಫಲಕವಿತ್ತು.

ಕಣ್ಣಿಗೆ ಹತ್ತಿರ ಹಿಡಿದರೆ ಅಕ್ಷರ ಮಸುಕು. ಕೈ ಚಾಚಿ ದೂರ ಹಿಡಿದು ಓದಿದಳು.

'ಲ ಕಾನ್‌ಸ್ತಾಂತ್. ಎಪ್ಪತ್ನಾಲ್ಕು ತೋಪಿನ ಯುದ್ಧನೌಕೆ. ನಿರ್ಮಾಣ: ಅರ್ನೋ ದೆಲೂರ್.'

ಅಷ್ಟೇ. ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

ಆ ಅಕ್ಷರಗಳ ಬಾಗು ಅವಳಿಗೆ ಗೊತ್ತಿತ್ತು. ಅದು ಸೂಬೆನ್ ಕೈ.

"ಜಿನೆಟ್..." ಅವನು ಹಿಂದೆ ನಿಂತಿದ್ದ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದನ್ನ ಯಾವಾಗ ಕೆತ್ತಿದೆ?"

"ಹೋದ ವಾರ. ಮೊಸ್ಯೆ ಬರೆದುಕೊಟ್ರು..."

"ಹೋದ ವಾರ." ಅವಳ ದನಿ ನಡುಗಿತು. "ಒಂದು ವಾರ ನನ್ನ ಪಕ್ಕ ಕೂತು ತಿಂದೆ. ನನ್ನ ಮುಖ ನೋಡಿ ನಕ್ಕೆ. ಅವರು ಮಾತು ಕೊಟ್ಟಿದ್ದು ನಿಂಗೆ ಗೊತ್ತಿತ್ತು. ನಾನೇ ಹೇಳಿದ್ದೆ."

"ಹೇಳಿದ್ರೆ ನೀನು ಅರ್ಧಕ್ಕೇ ಎದ್ದು ಹೋಗ್ತೀಯ, ಇಷ್ಟು ದಿನದ ಕೆಲಸ ಹಾಳಾಗತ್ತೆ ಅಂತ ಹೆದರಿದೆ. ಆಮೇಲೆ ಬೇರೆ ದಾರಿ ಹೊಳೀತು. ಬಾ ಇಲ್ಲಿ. ದಯವಿಟ್ಟು, ಒಂದು ನಿಮಿಷ."

ಅವನು ಸಣ್ಣ ದೀಪ ಹಚ್ಚಿ ಹಡಗಿನ ಎಡಮಗ್ಗುಲಿನ ಮೂರನೇ ಕಿಂಡಿಯೊಳಗೆ ಬೆಳಕು ಬಿಟ್ಟ. ತುದಿಯಲ್ಲಿ ಪುಟ್ಟ ಕನ್ನಡಿಯಿದ್ದ ಕಡ್ಡಿಯನ್ನು ಒಳಗೆ ತೂರಿಸಿದ. ಕೆಳ ಅಂತಸ್ತಿನ ಕತ್ತಲಲ್ಲಿ ತೋಪಿನ ಬೆನ್ನು ಹೊಳೆಯಿತು. ಅದರ ಮೇಲೆ ಅಕ್ಷರಗಳಿದ್ದವು.

'ಜಿನೆಟ್.'

"ಆಗಿನ ಕಾಲದಲ್ಲಿ ಒಂದೊಂದು ತೋಪಿಗೂ ಒಂದೊಂದು ಹೆಸರು ಇಡ್ತಿದ್ರು. ಈ ಸಾಲಲ್ಲಿ ಹದಿನಾಲ್ಕು ತೋಪಿದೆ. ಹನ್ನೊಂದರ ಮೇಲೆ ನಿಮ್ಮೆಲ್ಲರ ಹೆಸರು. ಉಳಿದ ಮೂರಕ್ಕೆ ತೀರಿಹೋದವರ ಹೆಸರು. ಕೊನೇದು ನಿಮ್ಮಮ್ಮಂದು. ಫಲಕ ಯಾರು ಬೇಕಾದ್ರೂ ಬಿಚ್ಚಿ ಬದಲಾಯಿಸಬಹುದು. ಇದನ್ನ ಹಡಗು ಒಡೆಯದೆ ಯಾರೂ ತೆಗೆಯೋಕಾಗಲ್ಲ."

ಅವನ ಕಣ್ಣಲ್ಲಿ ಆಸೆಯಿತ್ತು. ಅವಳು ಅಳುತ್ತಾಳೆ, ನಗುತ್ತಾಳೆ, ಏನೋ ಒಂದು ಆಗುತ್ತದೆ ಅಂದುಕೊಂಡಿದ್ದ ಪಾಪ.

ಜಿನೆಟ್ ಕಣ್ಣು ತುಂಬಿದ್ದೇನೋ ನಿಜ. ಆದರೆ ಅದು ಸಿಟ್ಟಿನ ನೀರು.

"ಒಳಗೆ," ಎಂದಳು. "ಮತ್ತೆ ಒಳಗೇನೇ."

"ಜಿನೆಟ್..."

"ಯಾರೂ ನೋಡದ ಕಡೆ, ಬೆಳಕೇ ಬೀಳದ ಕಡೆ. ನಮ್ಮಮ್ಮ ಮೂವತ್ತು ವರ್ಷ ಅಲ್ಲೇ ಇದ್ಲು ಸೂಬೆನ್. ಮೊಸ್ಯೆ ಅವಳನ್ನ ಬಲವಂತವಾಗಿ ಅಲ್ಲಿಟ್ರು. ನೀನು ಪ್ರೀತಿಯಿಂದ ಇಟ್ಟೆ. ಏನು ವ್ಯತ್ಯಾಸ? ಸತ್ತವರ ಹೆಸರು ಕತ್ತಲಲ್ಲಿರಲಿ. ನಾನಿನ್ನೂ ಸತ್ತಿಲ್ಲ."

"ಮೊಸ್ಯೆ ಎದುರು ನಿಂತು ಮಾತಾಡೋಕೆ ನನಗೆ..."

"ಧೈರ್ಯ ಬರಲಿಲ್ಲ. ಹೇಳು, ತಪ್ಪೇನಿಲ್ಲ. ಆದ್ರೆ ನಿನ್ನ ಹೆದರಿಕೆನ ಉಡುಗೊರೆ ಅಂತ ನನ್ನ ಕೈಗೆ ಕೊಡಬೇಡ. ಈ ಸಲವೂ ನನ್ನನ್ನ ಒಂದು ಮಾತು ಕೇಳಲಿಲ್ಲ ನೀನು."

ಉಪ್ಪಿನಕಾಯಿಯ ಸೀಸೆಯನ್ನು ಎತ್ತಿಕೊಂಡು ಅವಳು ಹೊರಟುಹೋದಳು. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತಳು. ಹೆಸರಿಗಾಗಿ ಎಷ್ಟೋ, ಆ ಹತ್ತು ಸೂಜಿಗಳಿಗಾಗಿ ಎಷ್ಟೋ... ಅವಳಿಗೇ ತಿಳಿಯಲಿಲ್ಲ.

---

ನಮ್ಮ ಹಡಗಿನ ಕಾರ್ಖಾನೆಗಳಲ್ಲಿ ಒಂದು ಕಟ್ಟಳೆಯಿದೆ. ಹಿಂಬದಿಯ ಬಾವುಟದ ಹಗ್ಗಕ್ಕೆ ಕೊನೆಯ ಗಂಟನ್ನು ಮೊದಲೇ ಹಾಕುವಂತಿಲ್ಲ. ಕೊಳ್ಳುವವರ ಕಣ್ಣೆದುರು, ಹಗ್ಗದ ಕೆಲಸದ ಹಿರಿಯಳೇ ಅದನ್ನು ಹಾಕಬೇಕು. ಆ ಗಂಟು ಬೀಳುವ ತನಕ ಅದು ಹಡಗಲ್ಲ, ಬರೀ ಸಾಮಾನು. ಕೊಳ್ಳುವವರೂ ಅಲ್ಲಿಯವರೆಗೆ ಸಹಿ ಹಾಕುವುದಿಲ್ಲ.

ಮರುದಿನ ಹತ್ತು ಗಂಟೆಗೆ ಸಂಗ್ರಹಾಲಯದ ಮದಾಮ್ ಕೆರ್ವೆಲ್ ಬಂದರು. ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಕೊರಳಲ್ಲಿ ತೂಗುವ ಕನ್ನಡಕ. ಹಡಗಿನ ಸುತ್ತ ಮೂರು ಸಲ ನಡೆದರು. ಬಗ್ಗಿ ಬಗ್ಗಿ ನೋಡಿದರು. ಅವರ ಮುಖ ಅರಳುತ್ತಿದ್ದುದನ್ನು ಕಂಡು ಮೊಸ್ಯೆ ದೆಲೂರ್ ಇಸ್ತ್ರಿ ಮಾಡಿದ ಕೋಟಿನಲ್ಲಿ ಉಬ್ಬಿಹೋದರು. ಪೀಠದ ಮೇಲೆ ಅವರೊಬ್ಬರದೇ ಹೆಸರಿನ ಫಲಕ ಹೊಳೆಯುತ್ತಿತ್ತು.

"ಜಿನೆಟ್, ಗಂಟು ಹಾಕು," ಎಂದರು.

ಜಿನೆಟ್ ಎದ್ದು ಬಂದಳು. ಬಾವುಟದ ಹಗ್ಗದ ತುದಿಯನ್ನು ಬೆರಳಲ್ಲಿ ಹಿಡಿದಳು. ಆಮೇಲೆ ಬಿಟ್ಟಳು.

"ಕೊನೆಯ ಗಂಟು ನಾನು ಹಾಕಲ್ಲ ಮೊಸ್ಯೆ."

"ಏನಂದೆ?"

"ನಿರ್ಮಾಣ ಅರ್ನೋ ದೆಲೂರ್ ಅಂತ ಬರೆದಿದೆಯಲ್ಲ. ನೀವೇ ಹಾಕಿ."

ಮೊಸ್ಯೆ ಮುಖ ಬೆವರಿತು. ಮದಾಮ್ ಕಡೆ ತಿರುಗಿ ಹಲ್ಲು ಬಿಟ್ಟರು. "ಕೂಲಿ ಹೆಂಗಸರ ಹಠ, ಮದಾಮ್. ತಲೆ ಕೆಡಿಸ್ಕೋಬೇಡಿ. ಲಿಲೆಟ್, ನೀನು ಬಾ."

"ಕೈ ಉಳುಕಿದೆ ಮೊಸ್ಯೆ," ಎಂದಳು ಲಿಲೆಟ್, ಅದೇ ಕೈಯಿಂದ ತಲೆ ಕೆರೆದುಕೊಳ್ಳುತ್ತ.

ಅವಳ ಪಕ್ಕದವಳಿಗೆ ಆ ಗಂಟೇ ಮರೆತುಹೋಗಿತ್ತು. ಅದರಾಚೆಯವಳಿಗೆ ಇದ್ದಕ್ಕಿದ್ದಂತೆ ತಲೆಸುತ್ತು. ಹತ್ತು ಹೆಂಗಸರೂ ಕೈ ಕಟ್ಟಿ ಕೂತರು.

"ಮಾತು ಕೊಟ್ಟಿದ್ರಿ," ಎಂದಳು ಜಿನೆಟ್. ಈಗ ದನಿ ನಡುಗಲಿಲ್ಲ. "ನಾನು ಭಿಕ್ಷೆ ಕೇಳ್ತಿಲ್ಲ. ನಿಮ್ಮ ಹೆಸರು ಅಳಿಸಿ ಅಂತಲೂ ಅಂತಿಲ್ಲ. ನನ್ನ ಕಣ್ಣು ಈ ಹಡಗಿಗೆ ಹೋಯ್ತು. ಕಣ್ಣು ಹೋದ ಕಡೆ ಹೆಸರಾದ್ರೂ ಇರಲಿ."

ಆಗ ಹಿಂದಿನಿಂದ ಹೆಜ್ಜೆ ಸದ್ದು ಕೇಳಿತು.

ಸೂಬೆನ್. ಕಣ್ಣು ಕೆಂಪಗೆ, ಗಡ್ಡ ಹೆರೆದಿಲ್ಲ. ಮೊಸ್ಯೆ ಕಡೆ ಅವನು ನೋಡಲೇ ಇಲ್ಲ. ನೇರವಾಗಿ ಜಿನೆಟ್ ಎದುರು ಬಂದು, ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಹೊಸ ಫಲಕ ತೆಗೆದು ಅವಳ ಕೈಗೆ ಕೊಟ್ಟ.

"ಈ ಸಲ ಕೇಳ್ತಿದೀನಿ. ಇದನ್ನ ಹಾಕಲಾ?"

ಅವಳು ಕೈ ಚಾಚಿ ಓದಿದಳು. ಹಡಗಿನ ಹೆಸರು. ಕಾರ್ಖಾನೆ: ದೆಲೂರ್. ಅದರ ಕೆಳಗೆ: 'ಹಗ್ಗದ ಕೆಲಸ: ಜಿನೆಟ್ ಲಫ್ಲೇರ್.' ಆ ಸಾಲಿನಲ್ಲಿ ಮುಂದೆ ಒಂದಿಷ್ಟು ಖಾಲಿ ಜಾಗ. ಆಮೇಲೆ ಉಳಿದ ಹತ್ತು ಹೆಂಗಸರು. ಕೊನೆಯಲ್ಲಿ, 'ಇವರಿಗೆ ಕಲಿಸಿದವಳು: ಅಮೆಲೀ ಲಫ್ಲೇರ್.'

ಅವಳು ತಲೆಯಾಡಿಸಿದಳು.

ಸೂಬೆನ್ ಮಂಡಿಯೂರಿ ಹಳೆ ಫಲಕದ ಮೊದಲ ತಿರುಪು ಬಿಚ್ಚಿದ.

"ಏಯ್, ಮುಟ್ಟಬೇಡ. ಇವತ್ತೇ ನಿನ್ನ ಕೊನೇ ದಿನ ಇಲ್ಲಿ," ಎಂದರು ಮೊಸ್ಯೆ.

"ಆಗಲಿ ಮೊಸ್ಯೆ. ಇನ್ನು ಮೂರು ತಿರುಪಿದೆ. ಮುಗಿಸಿ ಹೋಗ್ತೀನಿ."

ಮದಾಮ್ ಕೆರ್ವೆಲ್ ಕನ್ನಡಕ ಏರಿಸಿ ಹೊಸ ಫಲಕವನ್ನು ನಿಧಾನವಾಗಿ ಓದಿದರು. "ಜಿನೆಟ್ ಅಂದ್ರೆ ನೀವಾ?" ಎಂದು ಕೇಳಿದರು. ಆಮೇಲೆ ಮೊಸ್ಯೆ ಕಡೆ ತಿರುಗಿದರು. "ಕಟ್ಟಿದವರು ಯಾರು ಅಂತ ನಮಗೆ ಮೊದಲೇ ಯಾಕೆ ತಿಳಿಸಲಿಲ್ಲ? ಈ ಹೆಸರುಗಳಿಲ್ಲದೆ ನಾನು ಹಡಗು ತಗೊಂಡು ಹೋಗಲ್ಲ."

ಮೊಸ್ಯೆ ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ ಜೋರಾಗಿ ನಕ್ಕು, "ಹೌದು ಹೌದು, ಇದು ನನ್ನದೇ ಯೋಚನೆ. ಕೊನೇ ಗಳಿಗೆಗೆ ಅಂತ ಇಟ್ಟಿದ್ದೆ," ಎಂದುಬಿಟ್ಟರು. ನೋಡಿ, ಅದರಲ್ಲೂ ಪಾಲು ಬೇಕು ಆ ಮನುಷ್ಯನಿಗೆ!

ಜಿನೆಟ್ ಬಾವುಟದ ಹಗ್ಗ ಹಿಡಿದಳು. ದಾರ ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ. ಅದನ್ನರಿತ ಸೂಬೆನ್ ದೀಪ ಹತ್ತಿರ ಹಿಡಿದ. ಬೆರಳುಗಳಿಗೆ ದಾರಿ ಗೊತ್ತಿತ್ತು. ಒಂದು ಸುತ್ತು, ಇನ್ನೊಂದು ಸುತ್ತು, ಗಂಟು ಬಿಗಿಯಾಯಿತು. ದಾರದ ತುದಿ ಮಾತ್ರ ಉಳಿಯಿತು.

ಅವಳು ತನ್ನ ಕತ್ತರಿಯನ್ನು ಅವನತ್ತ ಚಾಚಿದಳು. ಅವನು ತೆಗೆದುಕೊಂಡ. ಆದರೆ ಕೈ ಮುಂದೆ ಹೋಗಲಿಲ್ಲ.

"ಕತ್ತರಿಸಲಾ?"

"ಇರು. ಮೊದಲು ಹೇಳು. ಎಪ್ಪತ್ನಾಲ್ಕು ತೋಪು ಮಾಡಿದವನ ಹೆಸರು ಫಲಕದಲ್ಲಿ ಎಲ್ಲಿ? ಅದೂ ಅನ್ಯಾಯ ಅಲ್ವಾ?"

"ನಿನ್ನ ಹೆಸರಿನ ಪಕ್ಕ ಜಾಗ ಬಿಟ್ಟಿದೀನಿ," ಎಂದ ಅವನು, ಅವಳಿಗಷ್ಟೇ ಕೇಳುವಂತೆ. "ಕೇಳದೆ ಹೇಗೆ ಬರೀಲಿ ಅಂತ..."

"ಕೇಳು ಮತ್ತೆ."

"ನನ್ನ ಕೆಲಸ ಹೋಯ್ತು ಜಿನೆಟ್."

"ನನ್ನ ಕಣ್ಣೂ ಹೋಗ್ತಿದೆ. ಕೇಳು."

"ಬದುಕಿರೋ ತನಕ ನಿನ್ನ ಸೂಜಿಗೆ ದಾರ ಪೋಣಿಸೋ ಆಸೆ ನನಗೆ. ನಿನ್ನ ಪಕ್ಕ ನನ್ನ ಹೆಸರು ಬರೀಲಾ?"

ಹತ್ತು ಹೆಂಗಸರು ಉಸಿರು ಬಿಗಿಹಿಡಿದು ಕಿವಿ ಚಾಚಿದ್ದರು. ಲಿಲೆಟ್ ಅಂತೂ ಸ್ಟೂಲಿನಿಂದ ಅರ್ಧ ಎದ್ದಿದ್ದಳು.

"ಬರಿ," ಎಂದಳು ಜಿನೆಟ್. "ಹೊರಗಡೆ. ಎಲ್ಲರಿಗೂ ಕಾಣೋ ಹಾಗೆ."

"ಈಗ ಕತ್ತರಿಸಲಾ?"

"ಕತ್ತರಿಸು."

ಕಚ್.